ಆದಿಮಾನವ: ನಾವು ಅಂದುಕೊಂಡದ್ದು, ಮಣ್ಣಿನಲ್ಲಿ ಸಿಕ್ಕಿದ್ದು (ಪದೇ ಪದೇ ಕೇಳುವ ಪ್ರಶ್ನೆಗಳು)

ಆದಿಮಾನವ ಅಂದ ಕೂಡಲೇ ಹೆಚ್ಚಿನವರ ಕಣ್ಣ ಮುಂದೆ ಒಂದೇ ಚಿತ್ರ ಬರುತ್ತದೆ. ಗುಹೆಯ ಬಾಯಿ, ಬೆನ್ನು ಬಾಗಿದ ಗಂಡಸು, ಒಂದು ಹೆಗಲಿಗೆ ಸಿಕ್ಕಿಸಿದ ಚಿರತೆ ಚರ್ಮ, ಕೈಯಲ್ಲಿ ದಪ್ಪ ದೊಣ್ಣೆ. ಈ ಚಿತ್ರದ ಒಂದೊಂದು ಭಾಗದ ಬಗ್ಗೆಯೂ ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಪ್ರಶ್ನೆ ಬರುತ್ತದೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಸುಲಭವಾದವು ಮೊದಲು, ತಲೆ ಕೆರೆದುಕೊಳ್ಳಬೇಕಾದವು ಆಮೇಲೆ.

## ಮೊದಮೊದಲ ಪ್ರಶ್ನೆಗಳು

ಆದಿಮಾನವ ಅಂದ್ರೆ ಸರಿಯಾಗಿ ಯಾರು? ಎಷ್ಟು ವರ್ಷ ಹಿಂದಿನ ಮಾತು ಇದು?

ಬರವಣಿಗೆ ಹುಟ್ಟುವ ಮುಂಚಿನ ಕಾಲವೆಲ್ಲ ಇದರೊಳಗೆ ಬರುತ್ತದೆ. ಬರವಣಿಗೆಗೆ ಐದು ಸಾವಿರ ಚಿಲ್ಲರೆ ವರ್ಷ ಅಷ್ಟೇ. ಅದರ ಹಿಂದಿರುವುದು ಲೆಕ್ಕಕ್ಕೆ ಸಿಗದಷ್ಟು ಉದ್ದದ ಕಾಲ. ಕೀನ್ಯಾದ ಲೊಮೆಕ್ವಿಯಲ್ಲಿ ಸಿಕ್ಕ ಕಲ್ಲಿನ ಉಪಕರಣಗಳಿಗೆ 33 ಲಕ್ಷ ವರ್ಷ. ನಮ್ಮ ‘ಹೋಮೋ’ ಕುಲದ್ದು ಎನ್ನಬಹುದಾದ ಅತಿ ಹಳೆಯ ದವಡೆ ಇಥಿಯೋಪಿಯಾದಲ್ಲಿ ಸಿಕ್ಕಿತು, ಅದಕ್ಕೆ ಸುಮಾರು 28 ಲಕ್ಷ. ನಮ್ಮದೇ ಜಾತಿ, ಹೋಮೋ ಸೇಪಿಯನ್ಸ್, ಕಾಣಿಸಿಕೊಂಡದ್ದು ಸುಮಾರು 3 ಲಕ್ಷ ವರ್ಷಗಳ ಹಿಂದೆ. ಮೊರಾಕ್ಕೋದ ಜೆಬೆಲ್ ಇರ್ಹೂದ್‌ನಲ್ಲಿ ದೊರೆತ ಮೂಳೆಗಳು ಇದನ್ನು ಹೇಳುತ್ತವೆ.

ತಪ್ಪು ಶುರುವಾಗುವುದು ಇಲ್ಲೇ. ಇಷ್ಟು ಕಾಲದಲ್ಲಿ, ಇಷ್ಟು ಖಂಡಗಳಲ್ಲಿ ಬಂದುಹೋದ ಬೇರೆ ಬೇರೆ ಬಗೆಯ ಮಾನವರಿಗೆಲ್ಲ ನಾವು ಒಂದೇ ವೇಷ ಹಾಕಿ ನಿಲ್ಲಿಸಿದ್ದೇವೆ. 20 ಲಕ್ಷ ವರ್ಷ ಹಿಂದಿನವರಿಗೂ 20 ಸಾವಿರ ವರ್ಷ ಹಿಂದಿನವರಿಗೂ ಇರುವ ಅಂತರ ಸಣ್ಣದಲ್ಲ. ಎರಡನೆಯವರು ದೇಹದಲ್ಲೂ ಮೆದುಳಿನಲ್ಲೂ ನಾವೇ.

ಡೈನೋಸಾರ್ ಜೊತೆ ಬದುಕಿದ್ರಾ?

ಇಲ್ಲ. ಹಕ್ಕಿಗಳ ಸಾಲನ್ನು ಬಿಟ್ಟರೆ ಉಳಿದ ಡೈನೋಸಾರ್‌ಗಳು 6.6 ಕೋಟಿ ವರ್ಷಗಳ ಹಿಂದೆಯೇ ಮುಗಿದುಹೋದವು. ಮನುಷ್ಯರು ಬಂದದ್ದು ಅದಾಗಿ ಕೋಟಿಗಟ್ಟಲೆ ವರ್ಷಗಳ ಮೇಲೆ.

ಆದರೆ ಮ್ಯಾಮತ್ ಎಂಬ, ಈಗ ಅಳಿದುಹೋದ ಆನೆ ಜಾತಿಯ ಪ್ರಾಣಿಯ ಜೊತೆ ಖಂಡಿತ ಬದುಕಿದ್ದರು. ತಮಾಷೆ ಏನೆಂದರೆ, ಕೊನೆಯ ಮ್ಯಾಮತ್‌ಗಳು ಸೈಬೀರಿಯಾದ ಉತ್ತರಕ್ಕಿರುವ ರ‍್ಯಾಂಗೆಲ್ ದ್ವೀಪದಲ್ಲಿ ಸುಮಾರು 4,000 ವರ್ಷಗಳ ಹಿಂದಿನವರೆಗೂ ಉಳಿದಿದ್ದವು. ಅಷ್ಟೊತ್ತಿಗೆ ಗೀಜಾದ ದೊಡ್ಡ ಪಿರಮಿಡ್ ಎದ್ದು ಶತಮಾನಗಳೇ ಕಳೆದಿದ್ದವು.

ಗುಹೆಯಲ್ಲೇ ಅಲ್ವಾ ಇರ್ತಿದ್ದದ್ದು? ಅದಕ್ಕೇ ತಾನೇ ಗುಹಾಮಾನವ ಅನ್ನೋದು?

ಗುಹೆಯಲ್ಲಿ ಇದ್ದರು, ಆದರೆ ಗುಹೆಯೇ ಮನೆ ಆಗಿರಲಿಲ್ಲ. ಭೂಮಿಯ ಬಹುಪಾಲು ಜಾಗಗಳಲ್ಲಿ ಗುಹೆಗಳೇ ಇಲ್ಲ. ಅಲ್ಲೂ ಜನ ಬದುಕಿದ್ದರು. ಗುಹೆ ನಮ್ಮ ತಲೆಯಲ್ಲಿ ಕೂತಿರುವುದಕ್ಕೆ ಕಾರಣ ಬೇರೆ. ಗುಹೆಯೊಳಗೆ ಬಿದ್ದ ಮೂಳೆ, ಬೂದಿ, ಕಲ್ಲಿನ ಚೂರು ಮಳೆ ಗಾಳಿಗೆ ಸಿಗದೆ ಉಳಿಯುತ್ತವೆ. ಬಯಲಿನಲ್ಲಿ ಹಾಕಿದ ಸೊಪ್ಪಿನ ಗುಡಿಸಲು ಕೆಲವೇ ವರ್ಷಗಳಲ್ಲಿ ಮಣ್ಣಾಗುತ್ತದೆ. ಅಗೆಯುವವರೂ ಸಹಜವಾಗಿ ಗುಹೆಯನ್ನೇ ಮೊದಲು ಹುಡುಕಿಕೊಂಡು ಹೋದರು. ಸಿಕ್ಕಿದ್ದೆಲ್ಲ ಗುಹೆಯಲ್ಲೇ ಸಿಕ್ಕಿತು!

ಅಪರೂಪಕ್ಕೆ ಬಯಲಿನದೂ ಉಳಿಯುತ್ತದೆ. 1989ರಲ್ಲಿ ಇಸ್ರೇಲಿನ ಗೆಲಿಲೀ ಸರೋವರದ ನೀರು ತೀರಾ ಇಳಿದಾಗ ಒಹಾಲೋ ಎಂಬಲ್ಲಿ 23,000 ವರ್ಷ ಹಳೆಯ ಬಿಡಾರ ಬೆಳಕಿಗೆ ಬಂತು. ಕೊಂಬೆ ಸೊಪ್ಪಿನ ಗುಡಿಸಲುಗಳು, ಒಳಗೆ ಮಲಗಲು ಹಾಸಿದ ಹುಲ್ಲು, ಕಾಡುಧಾನ್ಯದ ರಾಶಿ ರಾಶಿ ಕಾಳು. ನೀರಿನಡಿ ಗಾಳಿಯಾಡದೆ ಇದ್ದದ್ದರಿಂದ ಕೊಳೆಯದೆ ಉಳಿದಿತ್ತು. ಯುಕ್ರೇನಿನ ಮೆಝಿರಿಚ್‌ನಲ್ಲಿ 1965ರಲ್ಲಿ ರೈತನೊಬ್ಬ ನೆಲಮಾಳಿಗೆ ತೋಡುವಾಗ ಮ್ಯಾಮತ್ ದವಡೆ ಸಿಕ್ಕಿತು. ಅಗೆದಾಗ ಕಂಡದ್ದು ಮ್ಯಾಮತ್ ಮೂಳೆಗಳನ್ನೇ ಜೋಡಿಸಿ ಕಟ್ಟಿದ ಹಿಮಯುಗದ ಗುಡಿಸಲುಗಳು. ಮರ ಕಡಿಮೆ ಇದ್ದ ಕಡೆ ಇದ್ದದ್ದರಲ್ಲೇ ಕಟ್ಟಿಕೊಂಡರು.

ನನಗೆ ಎಲ್ಲಕ್ಕಿಂತ ಅಚ್ಚರಿ ಅನ್ನಿಸಿದ್ದು ಜಾಂಬಿಯಾದ ಕಲಾಂಬೋ ಜಲಪಾತದ ಬಳಿಯದು. ಅಲ್ಲಿ ಎರಡು ಮರದ ದಿಮ್ಮಿಗಳಿವೆ. ಒಂದರಲ್ಲಿ ಕಚ್ಚು ಕೆತ್ತಿ ಇನ್ನೊಂದರ ಮೇಲೆ ಅಡ್ಡಲಾಗಿ ಕೂರಿಸಿದ್ದಾರೆ. ವಯಸ್ಸು 4 ಲಕ್ಷ 76 ಸಾವಿರ ವರ್ಷ. ನಮ್ಮ ಜಾತಿ ಹುಟ್ಟುವುದಕ್ಕೂ ಮುಂಚಿನ ಬಡಗಿ ಕೆಲಸ ಅದು.

ಶಿಲಾಯುಗ ಅಂತಾರೆ. ಕಲ್ಲು ಬಿಟ್ಟು ಬೇರೆ ಏನೂ ಬಳಸೋಕೆ ಗೊತ್ತಿರಲಿಲ್ವಾ?

ಗೊತ್ತಿತ್ತು. ಕಲ್ಲು ಕೊಳೆಯುವುದಿಲ್ಲ, ಅಷ್ಟೇ ಅದರ ಹೆಚ್ಚುಗಾರಿಕೆ. ಮರ, ಚರ್ಮ, ನಾರು, ಬಿದಿರು ಎಲ್ಲವೂ ಬಳಕೆಯಲ್ಲಿದ್ದವು ಎನ್ನಲು ಅಲ್ಲಲ್ಲಿ ಗುರುತು ಸಿಕ್ಕಿದೆ.

ಜರ್ಮನಿಯ ಶೋನಿಂಗನ್ ಕಲ್ಲಿದ್ದಲು ಗಣಿಯಲ್ಲಿ 1990ರ ದಶಕದಲ್ಲಿ ಮರದ ಈಟಿಗಳು ಸಿಕ್ಕವು. ಅವುಗಳ ವಯಸ್ಸು 2ರಿಂದ 3 ಲಕ್ಷ ವರ್ಷ. ಮರದ ಗಟ್ಟಿ ಬುಡವನ್ನು ಮೊನೆಯ ಕಡೆ ಇಟ್ಟು, ತೂಕ ಮುಂದಕ್ಕೆ ಬರುವಂತೆ ಹೆರೆದಿದ್ದಾರೆ. ಎಸೆದರೆ ನೇರ ಹಾರಲಿ ಅಂತ. ಫ್ರಾನ್ಸಿನ ಆಬ್ರಿ ದ್ಯು ಮರಾ ಎಂಬಲ್ಲಿ ನಿಯಾಂಡರ್ತಾಲರ (ನಮಗೆ ಹತ್ತಿರದ, ಈಗ ಅಳಿದುಹೋದ ಮಾನವರು) ಕಲ್ಲಿನ ಉಪಕರಣವೊಂದಕ್ಕೆ ಅಂಟಿಕೊಂಡಿದ್ದ ಮೂರೆಳೆಯ ಹುರಿ ಸಿಕ್ಕಿತು. ಉದ್ದ ಕೆಲವೇ ಮಿಲಿಮೀಟರ್, ವಯಸ್ಸು 40 ಸಾವಿರ ವರ್ಷಕ್ಕಿಂತ ಜಾಸ್ತಿ. ಹುರಿ ಇದ್ದರೆ ಬಲೆ, ಚೀಲ, ಗಂಟು ಎಲ್ಲ ಸಾಧ್ಯ. ಅವೆಲ್ಲ ಇದ್ದವೋ ಇಲ್ಲವೋ ಆ ಚೂರು ಹೇಳುವುದಿಲ್ಲ. ಆದರೆ ನಾರು ತೆಗೆದು ಹೊಸೆಯುವ ಕೈ ಇತ್ತು ಎಂಬುದಂತೂ ಖಚಿತ.

ಕಲ್ಲಿನ ಚಕ್ರ ಕಂಡುಹಿಡಿದದ್ದು ಯಾರು?

ಯಾರೂ ಇಲ್ಲ, ಅದು ವ್ಯಂಗ್ಯಚಿತ್ರಕಾರರ ಕೊಡುಗೆ. ಗಾಡಿಯ ಚಕ್ರ ಬಂದದ್ದು ಸುಮಾರು 5,500 ವರ್ಷಗಳ ಹಿಂದೆ. ಆಗ ಕೃಷಿ, ಊರು, ಲೋಹ ಎಲ್ಲ ಬಂದಾಗಿತ್ತು. ಅದೂ ಮರದ್ದು.

ಬೆಂಕಿ ಕಂಡುಹಿಡಿದದ್ದು ಯಾವಾಗ? ಯಾರೋ ಒಬ್ಬ ಕಲ್ಲಿಗೆ ಕಲ್ಲು ಉಜ್ಜಿದಾಗ ಹತ್ತಿಕೊಂಡಿತು ಅಂತ ಓದಿದ್ದೆ.

ಒಬ್ಬ, ಒಂದು ದಿನ ಎಂಬ ಕಥೆಗೆ ಆಧಾರ ಇಲ್ಲ. ಬೆಂಕಿ ಬಳಸುವುದು ಬೇರೆ, ಹೊತ್ತಿಸುವುದು ಬೇರೆ. ಕಾಡ್ಗಿಚ್ಚಿನಿಂದ ಕೆಂಡ ತಂದು ಕಾಪಾಡಿಕೊಂಡರೂ ಅದು ಬಳಕೆಯೇ. ದಕ್ಷಿಣ ಆಫ್ರಿಕಾದ ವಂಡರ್‌ವರ್ಕ್ ಗುಹೆಯ ಒಳಭಾಗದಲ್ಲಿ ಸುಮಾರು 10 ಲಕ್ಷ ವರ್ಷ ಹಳೆಯ ಬೂದಿ, ಸುಟ್ಟ ಮೂಳೆ ಇವೆ. ಸುಮಾರು 4 ಲಕ್ಷ ವರ್ಷಗಳಿಂದ ಈಚೆಗೆ ಒಲೆಯ ಗುರುತುಗಳು ಜಾಸ್ತಿಯಾಗುತ್ತವೆ. ಕಿಡಿ ಹೊಡೆದು ಹೊತ್ತಿಸಿದ್ದಕ್ಕೆ ಒಳ್ಳೆಯ ಸಾಕ್ಷಿ ಫ್ರಾನ್ಸಿನ ನಿಯಾಂಡರ್ತಾಲರ ಕೈಗೊಡಲಿಗಳು. 50 ಸಾವಿರ ವರ್ಷ ಹಿಂದಿನ ಆ ಚಕಮಕಿ ಕಲ್ಲುಗಳ ಮೈಮೇಲೆ ಪೈರೈಟ್ ಎಂಬ ಖನಿಜದಿಂದ ಬಡಿದ ಗೀರುಗಳಿವೆ. ಬರೀ ಕಲ್ಲಿಗೆ ಕಲ್ಲು ಬಡಿದರೆ ಬೆಂಕಿ ಹತ್ತುವುದು ಕಷ್ಟ. ಕಬ್ಬಿಣದ ಅಂಶ ಇರುವ ಪೈರೈಟ್ ಬೇಕು, ಕಿಡಿ ಹಿಡಿಯುವಷ್ಟು ಒಣಗಿದ ತರಗೂ ಬೇಕು.

ದೊಣ್ಣೆಯಿಂದ ಹೊಡೆದು ಹೆಂಗಸನ್ನು ಕೂದಲು ಹಿಡಿದು ಎಳ್ಕೊಂಡು ಹೋಗ್ತಿದ್ರಂತೆ?

ಇದಕ್ಕೆ ಒಂದೇ ಒಂದು ಸಾಕ್ಷಿಯೂ ಇಲ್ಲ. 1865ರಲ್ಲಿ ಸ್ಕಾಟ್ಲೆಂಡಿನ ಜಾನ್ ಮೆಕ್ಲೆನನ್ ಎಂಬ ವಿದ್ವಾಂಸರು ಆದಿಕಾಲದ ಮದುವೆ ಎಂದರೆ ಹೆಣ್ಣನ್ನು ಸೆರೆಹಿಡಿದು ತರುವುದು ಎಂದು ವಾದಿಸಿದರು. ಆ ಶತಮಾನದಲ್ಲಿ ಇಂಥ ಮಾತು ಸಲೀಸಾಗಿ ಓಡುತ್ತಿತ್ತು. ಮುಂದೆ ಅದು ನಗೆಚಿತ್ರವಾಗಿ ಉಳಿಯಿತು.

ಈಗ ಡಿಎನ್‌ಎ ಇದೆ. ರಷ್ಯಾದ ಸುಂಗಿರ್‌ನಲ್ಲಿ 34 ಸಾವಿರ ವರ್ಷಗಳ ಹಿಂದೆ ಹೂಳಲಾದ ನಾಲ್ವರು ಹತ್ತಿರದ ರಕ್ತಸಂಬಂಧಿಗಳಲ್ಲ. ಸಣ್ಣ ಗುಂಪಾದರೂ ಒಳಗೊಳಗೇ ಸಂಬಂಧ ಬೆಳೆಸದೆ, ಹೊರಗಿನ ಗುಂಪುಗಳೊಂದಿಗೆ ನಂಟು ಇಟ್ಟುಕೊಂಡಿದ್ದರು. ಸೈಬೀರಿಯಾದ ಚಗಿರ್ಸ್ಕಾಯಾ ಗುಹೆಯ ನಿಯಾಂಡರ್ತಾಲರಲ್ಲಿ ಗುಂಪಿನಿಂದ ಗುಂಪಿಗೆ ಹೋಗುತ್ತಿದ್ದವರು ಹೆಚ್ಚಾಗಿ ಹೆಂಗಸರೇ ಎಂದು ತೋರುತ್ತದೆ. ಒಪ್ಪಿ ಹೋದರೋ, ಬಲವಂತಕ್ಕೆ ಹೋದರೋ? ಅದನ್ನು ಡಿಎನ್‌ಎ ಹೇಳಲಾರದು.

## ಮೈ, ಬಟ್ಟೆ, ಊಟ

30 ವರ್ಷಕ್ಕೇ ಮುದುಕರಾಗಿ ಸಾಯ್ತಿದ್ದರು ಅಂತಾರಲ್ಲ, ನಿಜಾನಾ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. 30 ಎಂಬ ಸಂಖ್ಯೆ ಸುಳ್ಳಲ್ಲ, ಅದನ್ನು ಓದುವ ರೀತಿ ತಪ್ಪು. ಅದು ಹುಟ್ಟಿದವರೆಲ್ಲರ ಸರಾಸರಿ. ಹತ್ತು ಮಕ್ಕಳಲ್ಲಿ ನಾಲ್ಕು ಒಂದು ವರ್ಷಕ್ಕೇ ತೀರಿಕೊಂಡು ಉಳಿದ ಆರು 55 ವರ್ಷ ಬದುಕಿದವು ಎಂದಿಟ್ಟುಕೊಳ್ಳಿ. ಸರಾಸರಿ ಸುಮಾರು 33 ಬರುತ್ತದೆ. ಆದರೆ ಆ ಹತ್ತರಲ್ಲಿ 33ಕ್ಕೆ ಸತ್ತವರು ಒಬ್ಬರೂ ಇಲ್ಲ.

ನಿಜವಾದ ದುಃಖ ಇದ್ದದ್ದು ಮಕ್ಕಳ ಸಾವಿನಲ್ಲಿ. ಆಧುನಿಕ ವೈದ್ಯಕೀಯ ಇಲ್ಲದ ಸಮಾಜಗಳ ಲೆಕ್ಕ ನೋಡಿದರೆ ನಾಲ್ಕರಲ್ಲಿ ಒಂದು ಕೂಸು ವರ್ಷ ತುಂಬುವುದರೊಳಗೆ ಹೋಗುತ್ತಿತ್ತು, ಅರ್ಧದಷ್ಟು ಮಕ್ಕಳು ಪ್ರಾಯಕ್ಕೆ ಬರುವ ಮೊದಲೇ ಸಾಯುತ್ತಿದ್ದರು. ಅದನ್ನು ದಾಟಿದವರ ಕಥೆ ಬೇರೆ. 2007ರಲ್ಲಿ ಮೈಕೆಲ್ ಗರ್ವನ್ ಮತ್ತು ಹಿಲರ್ಡ್ ಕಪ್ಲಾನ್ ಇತ್ತೀಚಿನ ಕಾಲದ ಬೇಟೆಗಾರ ಮತ್ತು ಸಂಗ್ರಾಹಕ ಜನರ ಅಂಕಿಗಳನ್ನು ಒಟ್ಟುಹಾಕಿದರು. ದೊಡ್ಡವರಾಗಿ ಬೆಳೆದವರು ಅತಿ ಹೆಚ್ಚಾಗಿ ಸಾಯುವ ವಯಸ್ಸು 70ರ ಆಸುಪಾಸು ಇತ್ತು.

ಈ ಲೆಕ್ಕವನ್ನು ಲಕ್ಷ ವರ್ಷದ ಹಿಂದಕ್ಕೆ ಹಾಗೆಯೇ ಒಯ್ಯುವಂತಿಲ್ಲ, ನಿಜ. ಹಳೆಯ ಅಸ್ಥಿಗಳಲ್ಲಿ 40 ದಾಟಿದವರ ವಯಸ್ಸನ್ನು ಸರಿಯಾಗಿ ಹೇಳುವುದೂ ಕಷ್ಟ. ಆದರೂ ‘30ಕ್ಕೇ ಮುದುಕರು’ ಎಂಬುದು ನಿಲ್ಲುವುದಿಲ್ಲ. ಮೈ ಮುಪ್ಪಾಗುವ ವೇಗ ಹೆಚ್ಚುಕಡಿಮೆ ನಮ್ಮಂತೆಯೇ ಇದ್ದಿರಬೇಕು.

ಬೆನ್ನು ಬಗ್ಗಿಸಿ, ಮಂಡಿ ಮಡಚಿ ಮಂಗನ ಥರ ನಡೀತಿದ್ರಾ?

ಈ ಚಿತ್ರ ಎಲ್ಲಿಂದ ಬಂತು ಅಂತ ಬೊಟ್ಟು ಮಾಡಿ ತೋರಿಸಬಹುದು. 1908ರಲ್ಲಿ ಫ್ರಾನ್ಸಿನ ಲಾ ಶಪೆಲ್ ಓ ಸೇಂಟ್ ಎಂಬಲ್ಲಿ ಹೆಚ್ಚುಕಡಿಮೆ ಪೂರ್ತಿಯಾದ ನಿಯಾಂಡರ್ತಾಲ್ ಅಸ್ಥಿಪಂಜರ ಸಿಕ್ಕಿತು. ಅದನ್ನು ಅಧ್ಯಯನ ಮಾಡಿದ ಮಾರ್ಸೆಲಾಂ ಬೂಲ್ ದೊಡ್ಡ ಹೆಸರಿನ ವಿಜ್ಞಾನಿ. ಅವರು ಅವನನ್ನು ಕತ್ತು ಮುಂದೆ ಚಾಚಿದ, ಮಂಡಿ ನೆಟ್ಟಗಾಗದ, ಅರ್ಧ ಪ್ರಾಣಿಯಂಥ ಜೀವಿಯಾಗಿ ಚಿತ್ರಿಸಿದರು. ಪತ್ರಿಕೆಗಳು ಅದನ್ನೇ ಮೈತುಂಬ ರೋಮ ಹಚ್ಚಿ ಅಚ್ಚುಹಾಕಿದವು. 1957ರಲ್ಲಿ ವಿಲಿಯಂ ಸ್ಟ್ರಾಸ್ ಮತ್ತು ಎ. ಜೆ. ಇ. ಕೇವ್ ಅದೇ ಮೂಳೆಗಳನ್ನು ಮತ್ತೆ ನೋಡಿದರು. ಆ ಮನುಷ್ಯನಿಗೆ ಜೋರು ಸಂಧಿವಾತ ಇತ್ತು. ಹಲ್ಲುಗಳೂ ಬಹುಪಾಲು ಬಿದ್ದುಹೋಗಿದ್ದವು. ಅವನಿಗೆ ಸ್ನಾನ ಮಾಡಿಸಿ, ಗಡ್ಡ ತೆಗೆದು, ಬಟ್ಟೆ ಹಾಕಿ ನ್ಯೂಯಾರ್ಕಿನ ಸುರಂಗ ರೈಲಿಗೆ ಹತ್ತಿಸಿದರೆ ಯಾರೂ ತಿರುಗಿ ನೋಡಲಾರರು ಎಂದು ಅವರು ಬರೆದರು.

ಇಷ್ಟಕ್ಕೂ ನೆಟ್ಟಗೆ ಎರಡು ಕಾಲಲ್ಲಿ ನಡೆಯುವುದು ನಿಯಾಂಡರ್ತಾಲರಿಗಿಂತ ಎಷ್ಟೋ ಹಳೆಯದು. ಟಾಂಜೇನಿಯಾದ ಲೇಟೋಲಿಯಲ್ಲಿ ಮೇರಿ ಲೀಕಿ ತಂಡಕ್ಕೆ ಸಿಕ್ಕ ಹೆಜ್ಜೆಗುರುತುಗಳಿಗೆ 36 ಲಕ್ಷ ವರ್ಷ.

ಒಂದೇ ಹೆಗಲಿನ ಚಿರತೆ ಚರ್ಮ ಹಾಕ್ಕೊಂಡು ಹಿಮದಲ್ಲಿ ಹೇಗೆ ಬದುಕಿದ್ರು?

ಹಾಗೆ ಹಾಕಿಕೊಂಡಿದ್ದರೆ ಬದುಕುತ್ತಿರಲಿಲ್ಲ. ಹಿಮಯುಗದ ಚಳಿಗೆ ಮೈಗೆ ಅಂಟುವಂತೆ ಹೊಲಿದ ಬಟ್ಟೆ ಬೇಕು. ಕಣ್ಣಿರುವ ಸೂಜಿಗಳು ಸೈಬೀರಿಯಾದಲ್ಲಿ 40 ಸಾವಿರ ವರ್ಷದಷ್ಟು ಹಿಂದೆಯೇ ಇದ್ದವು. ಜಾರ್ಜಿಯಾ ದೇಶದ ಜುಜುವಾನಾ ಗುಹೆಯಲ್ಲಿ 30 ಸಾವಿರ ವರ್ಷ ದಾಟಿದ ಅಗಸೆ ನಾರಿನ ಎಳೆಗಳು ಸಿಕ್ಕಿವೆ, ಕೆಲವಕ್ಕೆ ಬಣ್ಣವೂ ಹಾಕಿದಂತಿದೆ. ಸುಂಗಿರ್‌ನ ಸಮಾಧಿಗಳಲ್ಲಿ ಮ್ಯಾಮತ್ ದಂತದ 13,000ಕ್ಕೂ ಹೆಚ್ಚು ಮಣಿಗಳಿದ್ದವು. ಬಟ್ಟೆ ಮಣ್ಣಾಗಿ ಹೋಗಿದೆ, ಮಣಿಗಳು ಮಾತ್ರ ಸಾಲುಸಾಲಾಗಿ ಹೊಲಿದ ಜಾಗದಲ್ಲೇ ಉಳಿದಿವೆ. ಸಾವಿರಾರು ಗಂಟೆಗಳ ಕೈಕೆಲಸ ಅದು. ಸುಮ್ನೆ ಚಳಿಗೆ ಹೊದ್ದದ್ದಲ್ಲ.

ಬಟ್ಟೆ ಯಾವಾಗ ಶುರುವಾಯಿತು ಎಂಬುದಕ್ಕೆ ಹೇನು ಸಾಕ್ಷಿ ಹೇಳಿತು, ಇದು ನನಗೆ ತುಂಬಾ ಇಷ್ಟದ ವಿಷಯ. ತಲೆಯ ಹೇನು ಕೂದಲಲ್ಲಿರುತ್ತದೆ, ಮೈಯ ಹೇನು ಬಟ್ಟೆಯಲ್ಲಿ. ಬಟ್ಟೆ ಬರದೆ ಎರಡನೆಯದು ಬರುವಂತಿಲ್ಲ. ಇವೆರಡೂ ಕವಲೊಡೆದ ಕಾಲವನ್ನು ಜೀನ್‌ಗಳಿಂದ ಲೆಕ್ಕ ಹಾಕಿದಾಗ 83 ಸಾವಿರದಿಂದ 1 ಲಕ್ಷ 70 ಸಾವಿರ ವರ್ಷಗಳ ಹಿಂದೆ ಎಂದು ಬಂತು.

ಮ್ಯೂಸಿಯಂ ಚಿತ್ರಗಳಲ್ಲಿ ಎಲ್ಲರೂ ಬೆಳ್ಳಗೆ ಇರ್ತಾರೆ. ಹಾಗೇ ಇದ್ದರಾ?

ನಮ್ಮ ಜಾತಿ ಆಫ್ರಿಕಾದಲ್ಲಿ ಹುಟ್ಟಿತು. ಕಪ್ಪು ಮೈಬಣ್ಣವೇ ಹಳೆಯದು. ಯುರೋಪಿನಲ್ಲೂ ತಿಳಿ ಬಣ್ಣ ವ್ಯಾಪಕವಾದದ್ದು ತೀರಾ ಈಚೆಗೆ, ಹೆಚ್ಚಾಗಿ ಕಳೆದ 8 ಸಾವಿರ ಚಿಲ್ಲರೆ ವರ್ಷಗಳಲ್ಲಿ. ಇಂಗ್ಲೆಂಡಿನ ಚೆಡ್ಡರ್ ಮಾನವ ಸುಮಾರು 10 ಸಾವಿರ ವರ್ಷ ಹಿಂದಿನವನು, ಸ್ಪೇನಿನ ಲಾ ಬ್ರಾನ್ಯಾದ ಬೇಟೆಗಾರ 7 ಸಾವಿರ ವರ್ಷ ಹಿಂದಿನವನು. ಇಬ್ಬರ ಜೀನ್‌ಗಳೂ ಕಪ್ಪು ಮೈ ಮತ್ತು ನೀಲಿ ಕಣ್ಣು ಎನ್ನುತ್ತವೆ. ಜೀನ್ ನೋಡಿ ಬಣ್ಣದ ಛಾಯೆಯನ್ನು ಕರಾರುವಾಕ್ಕಾಗಿ ಹೇಳಲಾಗದು, ಆದರೆ ಬೆಳ್ಳಗಿರಲಿಲ್ಲ ಎನ್ನಲು ಅಷ್ಟು ಸಾಕು.

ಬರೀ ಮಾಂಸ ತಿಂತಿದ್ರಲ್ವಾ? ನಾನು ಪೇಲಿಯೋ ಡಯಟ್ ಮಾಡ್ತಿದ್ದೀನಿ, ಅದು ಅವರದ್ದೇ ಊಟ ತಾನೇ?

ಅವರದ್ದು ಎಂಬ ಒಂದು ಊಟ ಇರಲೇ ಇಲ್ಲ. ಎಲ್ಲಿದ್ದರೋ ಅಲ್ಲಿ ಸಿಕ್ಕಿದ್ದನ್ನು ತಿಂದರು. ಚಳಿಯ ಯುರೋಪಿನ ನಿಯಾಂಡರ್ತಾಲರ ಮೂಳೆಯ ರಾಸಾಯನಿಕ ಗುರುತು ನೋಡಿದರೆ ದೊಡ್ಡ ಪ್ರಾಣಿಗಳ ಮಾಂಸವೇ ಮುಖ್ಯ. ದಕ್ಷಿಣ ಆಫ್ರಿಕಾದ ಕಡಲಂಚಿನಲ್ಲಿ 1 ಲಕ್ಷ 64 ಸಾವಿರ ವರ್ಷ ಹಿಂದೆ ಚಿಪ್ಪಿನ ಜೀವಿಗಳನ್ನು ಆಯ್ದು ತಿನ್ನುತ್ತಿದ್ದರು. ಅಲ್ಲಿಯದೇ ಬಾರ್ಡರ್ ಗುಹೆಯಲ್ಲಿ 1 ಲಕ್ಷ 70 ಸಾವಿರ ವರ್ಷ ಹಿಂದೆ ಸುಟ್ಟ ಗೆಡ್ಡೆಗಳು ಸಿಕ್ಕಿವೆ. ಅಂದರೆ ಪಿಷ್ಟ, ಕಾರ್ಬೋಹೈಡ್ರೇಟ್ ಅವರಿಗೂ ಬೇಕಿತ್ತು.

ಡಯಟ್‌ನವರು ಬೇಡ ಎನ್ನುವ ಧಾನ್ಯವನ್ನೇ ನೋಡಿ. ಒಹಾಲೋದಲ್ಲಿ ಕಾಡುಧಾನ್ಯ ಅರೆದ ಕಲ್ಲು ಇದೆ. ಜೋರ್ಡಾನಿನ ಶುಬೈಕಾದಲ್ಲಿ 14,400 ವರ್ಷ ಹಳೆಯ ಒಲೆಯೊಳಗೆ ರೊಟ್ಟಿಯ ಕರಿಕು ಚೂರುಗಳು ಸಿಕ್ಕವು. ಅಲ್ಲಿ ಕೃಷಿ ಶುರುವಾಗಲು ಇನ್ನೂ ನಾಲ್ಕು ಸಾವಿರ ವರ್ಷ ಬಾಕಿ ಇತ್ತು. ಇನ್ನು ನಿಮ್ಮ ತಟ್ಟೆಯಲ್ಲಿರುವ ಹೂಕೋಸು, ಬ್ರೊಕೋಲಿ, ಎಲೆಕೋಸು ಮೂರೂ ಒಂದೇ ಕಾಡುಗಿಡದಿಂದ ರೈತರು ತಿದ್ದಿ ತಂದವು. ಕಾಡಿನ ಬಾದಾಮಿ ಕಹಿ, ವಿಷ. ಅವುಗಳಲ್ಲಿ ಯಾವುದೂ ಹಿಮಯುಗದವರಿಗೆ ಈ ರೂಪದಲ್ಲಿ ಸಿಗುತ್ತಿರಲಿಲ್ಲ.

ಸಕ್ಕರೆ, ಪ್ಯಾಕೆಟ್ ತಿಂಡಿ ಬಿಟ್ಟರೆ ಮೈಗೆ ಒಳ್ಳೆಯದೇ. ಅದಕ್ಕೆ ಆದಿಮಾನವನ ಶಿಫಾರಸು ಯಾಕೆ?

ಹಲ್ಲುಜ್ಜದೆ, ಕೊಳಕಾಗಿ ಇರ್ತಿದ್ರಲ್ವಾ?

ದಕ್ಷಿಣ ಆಫ್ರಿಕಾದ ಸಿಬುದು ಗುಹೆಯಲ್ಲಿ 77 ಸಾವಿರ ವರ್ಷ ಹಳೆಯ ಹಾಸಿಗೆ ಇದೆ. ಜೊಂಡು ಹಾಸಿ, ಮೇಲೆ ಕೀಟ ಓಡಿಸುವ ಗುಣವಿರುವ ಎಲೆಗಳನ್ನು ಹರಡಿದ್ದಾರೆ. ಹಳೆಯ ಹಾಸಿಗೆಯನ್ನು ಆಗಾಗ ಸುಟ್ಟು ಹೊಸದು ಹಾಕಿದ ಗುರುತೂ ಇದೆ. ನಿಯಾಂಡರ್ತಾಲರ ಹಲ್ಲುಗಳ ಸಂದಿಯಲ್ಲಿ ಕಡ್ಡಿಯಿಂದ ಚುಚ್ಚಿ ಚುಚ್ಚಿ ಬಿದ್ದ ಗೆರೆಗಳಿವೆ. ಇಟಲಿಯಲ್ಲಿ 14 ಸಾವಿರ ವರ್ಷ ಹಿಂದಿನ ಒಬ್ಬನ ಹುಳುಕು ಹಲ್ಲನ್ನು ಯಾರೋ ಕಲ್ಲಿನ ಮೊನೆಯಿಂದ ಕೆರೆದು ಶುಚಿ ಮಾಡಿದ್ದಾರೆ.

ಕೃಷಿಗೆ ಮುಂಚೆ ಹುಳುಕೇ ಇರಲಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಮೊರಾಕ್ಕೋದ ತಾಫೊರಾಲ್ಟ್‌ನಲ್ಲಿ ಓಕ್ ಮರದ ಕಾಯಿ ತಿಂದು ಬದುಕಿದ ಬೇಟೆಗಾರರ ಹಲ್ಲುಗಳಲ್ಲಿ ಅರ್ಧಕ್ಕರ್ಧ ಹುಳುಕಾಗಿದ್ದವು.

## ಮಾತು, ಬುದ್ಧಿ, ಜೊತೆಯವರು

ಉಗ್ಗಾ ಬುಗ್ಗಾ ಅಂತ ಕೂಗೋದು ಬಿಟ್ಟು ಮಾತು ಬರ್ತಿತ್ತಾ?

ಮಾತು ಪಳೆಯುಳಿಕೆಯಾಗುವುದಿಲ್ಲ, ಹಾಗಾಗಿ ಸುತ್ತಿ ಬಳಸಿ ತಿಳಿಯಬೇಕು. ಇಸ್ರೇಲಿನ ಕೆಬಾರಾ ಗುಹೆಯಲ್ಲಿ 60 ಸಾವಿರ ವರ್ಷ ಹಿಂದಿನ ನಿಯಾಂಡರ್ತಾಲನ ನಾಲಿಗೆ ಬುಡದ ಮೂಳೆ ಸಿಕ್ಕಿದೆ, ಅದು ನಮ್ಮದರಂತೆಯೇ ಇದೆ. ಮಾತಿಗೆ ಬೇಕಾದ ಫಾಕ್ಸ್‌ಪಿ2 ಜೀನ್‌ನ ಪ್ರೋಟೀನ್ ಅವರಲ್ಲೂ ನಮ್ಮಲ್ಲೂ ಒಂದೇ. ಕಿವಿಯೊಳಗಿನ ರಚನೆ ಮಾತಿನ ಧ್ವನಿಗಳನ್ನು ಹಿಡಿಯಲು ತಕ್ಕದಾಗಿತ್ತು. ವ್ಯಾಕರಣ ಎಷ್ಟಿತ್ತು, ಕಥೆ ಹೇಳುತ್ತಿದ್ದರೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತ ಇಲ್ಲ. ಹೋಮೋ ಸೇಪಿಯನ್ಸ್ ಮಟ್ಟಿಗೆ ಅನುಮಾನವೇ ಬೇಡ, ಅವರು ಪೂರ್ತಿ ಮಾತುಗಾರರು.

ಬೇಟೆ ಗಂಡಸರದ್ದು, ಹಣ್ಣು ಹೆಕ್ಕೋದು ಹೆಂಗಸರದ್ದು. ಇದು ಪ್ರಕೃತಿ ನಿಯಮ ಅಲ್ವಾ?

‘ಬೇಟೆಗಾರ ಗಂಡಸು’ ಎಂಬ ಮಾತಿಗೆ ಪಂಡಿತರ ಮುದ್ರೆ ಬಿದ್ದದ್ದು 1966ರ ಶಿಕಾಗೋ ಸಮ್ಮೇಳನದಲ್ಲಿ. ಅಲ್ಲೇ ಮಂಡಿಸಿದ ಅಂಕಿಗಳ ಪ್ರಕಾರ ಬಿಸಿ ಪ್ರದೇಶಗಳಲ್ಲಿ ಹೊಟ್ಟೆ ತುಂಬಿಸುತ್ತಿದ್ದದ್ದು ಹೆಚ್ಚಾಗಿ ಹೆಕ್ಕಿ ತಂದ ಸಸ್ಯಾಹಾರ! ಹೆಸರು ಮಾತ್ರ ಬೇಟೆಗೆ ಹೋಯಿತು.

ಪೆರು ದೇಶದ ವಿಲಮಯ ಪಟ್ಜಷದಲ್ಲಿ 9,000 ವರ್ಷ ಹಿಂದಿನ ಸಮಾಧಿಯೊಂದರಲ್ಲಿ ಈಟಿಯ ಮೊನೆಗಳು, ಚರ್ಮ ಹದ ಮಾಡುವ ಕಲ್ಲುಗಳು ಇದ್ದವು. ನಾಯಕನಿರಬೇಕು ಅಂದುಕೊಂಡರು. ಹಲ್ಲಿನ ಪ್ರೋಟೀನ್ ಪರೀಕ್ಷಿಸಿದಾಗ 17ರಿಂದ 19 ವರ್ಷದ ಹುಡುಗಿ ಎಂದು ತಿಳಿಯಿತು. 2020ರ ಆ ಅಧ್ಯಯನವೇ ಅಮೆರಿಕ ಖಂಡಗಳ ಹಳೆಯ ಸಮಾಧಿಗಳನ್ನು ಜಾಲಾಡಿತು. ದೊಡ್ಡ ಬೇಟೆಯ ಸಾಮಾನು ಜೊತೆಗಿದ್ದ 27 ಮಂದಿಯಲ್ಲಿ 11 ಮಂದಿ ಹೆಂಗಸರು.

ಇದನ್ನು ಹಿಡಿದು ಎಲ್ಲ ಕಡೆ ಅರ್ಧಕ್ಕರ್ಧ ಹೆಂಗಸರೇ ಬೇಟೆಯಾಡಿದರು ಎನ್ನುವವರೂ ಇದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಸಮಾಧಿಯಲ್ಲಿ ಇಟ್ಟದ್ದೆಲ್ಲ ಸತ್ತವರು ಬಳಸಿದ್ದೇ ಆಗಬೇಕಿಲ್ಲ. ಇತ್ತೀಚಿನ ಬೇಟೆಗಾರ ಜನರಲ್ಲಿ ದೊಡ್ಡ ಬೇಟೆ ಹೆಚ್ಚಾಗಿ ಗಂಡಸರದ್ದೇ. ಕೆಲಸದ ಹಂಚಿಕೆ ಇತ್ತು, ಆದರೆ ಎಲ್ಲ ಕಾಲಕ್ಕೂ ಎಲ್ಲ ಕಡೆಗೂ ಒಂದೇ ಗೆರೆ ಇರಲಿಲ್ಲ.

ಕೈಲಾಗದವರನ್ನ ಬಿಟ್ಟು ಹೋಗ್ತಿದ್ದರಂತೆ. ಬಲಶಾಲಿಗೇ ಬದುಕು, ಅಲ್ವಾ?

ಬೋರ್ನಿಯೋದ ಲಿಯಾಂಗ್ ಟೆಬೊ ಗುಹೆಯಲ್ಲಿ 31 ಸಾವಿರ ವರ್ಷ ಹಿಂದಿನ ಒಬ್ಬರ ಅಸ್ಥಿ ಸಿಕ್ಕಿತು. ಎಡಗಾಲಿನ ಕೆಳಭಾಗ ಇಲ್ಲ. ಮೂಳೆ ಜಜ್ಜಿಲ್ಲ, ನೇರವಾಗಿ ಕತ್ತರಿಸಲಾಗಿದೆ, ಗಾಯ ಮಾಗಿದೆ. ಎಳೆಯ ವಯಸ್ಸಿನಲ್ಲಿ ಕಾಲು ಕತ್ತರಿಸಿದ ಮೇಲೆ ಆ ಮಗು 6ರಿಂದ 9 ವರ್ಷ ಬದುಕಿದೆ, ಅದೂ ಗುಡ್ಡಗಾಡಿನಲ್ಲಿ. ರಕ್ತ ನಿಲ್ಲಿಸುವುದು, ಕೀವಾಗದಂತೆ ನೋಡುವುದು, ಆಮೇಲೆ ವರ್ಷಗಟ್ಟಲೆ ಹೊತ್ತು ಸಾಕುವುದು, ಇದೆಲ್ಲ ಯಾರೋ ಮಾಡಿದ್ದಾರೆ.

ಇರಾಕಿನ ಶನಿದಾರ್ ಗುಹೆಯ ಒಬ್ಬ ನಿಯಾಂಡರ್ತಾಲನಿಗೆ ಒಂದು ಕಣ್ಣಿನ ಬಳಿ ಜಜ್ಜಿದ ಗಾಯ, ಬಲಗೈ ಮೊಣಕೈಯಿಂದ ಕೆಳಗೆ ಇಲ್ಲ, ಕಿವಿಯೂ ಮಂದ. ಆದರೂ 40 ದಾಟಿದ. ಅದೇ ಗುಹೆಯಲ್ಲಿ ಸತ್ತವನನ್ನು ಹೂವಿಟ್ಟು ಹೂತರು ಎಂಬ ‘ಹೂವಿನ ಸಮಾಧಿ’ ಕಥೆಯನ್ನು ಮಾತ್ರ ಎಚ್ಚರಿಕೆಯಿಂದ ಹೇಳಬೇಕು. ಅಲ್ಲಿನ ಪರಾಗವನ್ನು ನೆಲ ಕೊರೆಯುವ ದುಂಬಿಗಳು ತಂದಿರಲೂಬಹುದು.

ಚಿತ್ರಕಲೆ ಎಲ್ಲ ಇದ್ದಕ್ಕಿದ್ದ ಹಾಗೆ ಯುರೋಪಿನಲ್ಲಿ ಹುಟ್ಟಿತು ಅಂತಾರಲ್ಲ?

ಯುರೋಪಿನಲ್ಲಿ ಮೊದಲು ಹುಡುಕಿದರು, ಅಲ್ಲಿ ಮೊದಲು ಸಿಕ್ಕಿತು. ದಕ್ಷಿಣ ಆಫ್ರಿಕಾದ ಬ್ಲೋಂಬೋಸ್ ಗುಹೆಯಲ್ಲಿ 73 ಸಾವಿರ ವರ್ಷ ಹಿಂದೆ ಕೆಮ್ಮಣ್ಣಿನ ಕಡ್ಡಿಯಿಂದ ಕಲ್ಲಿನ ಮೇಲೆ ಅಡ್ಡಡ್ಡ ಗೆರೆ ಎಳೆದಿದ್ದಾರೆ. ಇಂಡೋನೇಷ್ಯಾದ ಸುಲವೇಸಿಯಲ್ಲಿರುವ ಹಂದಿ ಮತ್ತು ಮನುಷ್ಯಾಕೃತಿಗಳ ಚಿತ್ರಕ್ಕೆ ಕನಿಷ್ಠ 51,200 ವರ್ಷ. ಫ್ರಾನ್ಸಿನ ಶೊವೆ ಗುಹೆಯ ಸಿಂಹದ ಚಿತ್ರಗಳಿಗಿಂತ ಎಷ್ಟೋ ಹಳೆಯದು.

ಯುರೋಪಿನವರೂ ಸುಲಭಕ್ಕೆ ನಂಬಿದ್ದಲ್ಲ. 1879ರಲ್ಲಿ ಸ್ಪೇನಿನ ಆಲ್ತಮಿರಾ ಗುಹೆಯ ಕಾಡೆಮ್ಮೆ ಚಿತ್ರಗಳನ್ನು ಮೊದಲು ಕಂಡದ್ದು ಮರಿಯಾ ಎಂಬ ಪುಟ್ಟ ಹುಡುಗಿ. ಅವಳ ತಂದೆ ಸೌತುವೊಲಾ ಇದು ಹಳೇ ಶಿಲಾಯುಗದ್ದು ಎಂದಾಗ ಪಂಡಿತರು ನಕ್ಕರು. ಕಾಡುಮನುಷ್ಯರು ಇಷ್ಟು ಚೆನ್ನಾಗಿ ಬಿಡಿಸಲು ಸಾಧ್ಯವೇ ಎಂದರು, ಕಳ್ಳ ಕೆಲಸ ಎಂದರು. ಸೌತುವೊಲಾ 1888ರಲ್ಲಿ ತೀರಿಕೊಂಡರು. ಮುಖ್ಯ ವಿರೋಧಿ ಎಮಿಲ್ ಕಾರ್ತಯ್ಯಾಕ್ ತಪ್ಪೊಪ್ಪಿಕೊಂಡು ಬರೆದದ್ದು 1902ರಲ್ಲಿ.

## ಇನ್ನಷ್ಟು ಆಳಕ್ಕೆ

ಮಂಗನಿಂದ ಮನುಷ್ಯನವರೆಗೆ ಸಾಲಾಗಿ ನಡೆಯುವ ಚಿತ್ರ ಸರಿ ತಾನೇ?

1965ರಲ್ಲಿ ರುಡಾಲ್ಫ್ ಝಲಿಂಗರ್ ಎಂಬ ಕಲಾವಿದರು ಬಿಡಿಸಿದ ಚಿತ್ರದಿಂದ ಹಬ್ಬಿದ ಕಲ್ಪನೆ ಇದು. ಒಂದು ಮುಗಿದ ಮೇಲೆ ಇನ್ನೊಂದು, ಕೊನೆಗೆ ನಾವು, ಎಂಬ ಭಾವನೆ ಬರುತ್ತದೆ. ನಡೆದದ್ದು ಹಾಗಲ್ಲ. 60 ಸಾವಿರ ವರ್ಷ ಹಿಂದಿನ ಆಸುಪಾಸಿನಲ್ಲಿ ಭೂಮಿಯ ಮೇಲೆ ನಾವಿದ್ದೆವು, ನಿಯಾಂಡರ್ತಾಲರು, ಸೈಬೀರಿಯಾದ ಡೆನಿಸೋವಾ ಗುಹೆಯಿಂದ ಹೆಸರು ಪಡೆದ ಡೆನಿಸೋವರು ಇದ್ದರು, ಫ್ಲೋರೆಸ್ ದ್ವೀಪದಲ್ಲಿ ಮೂರೂವರೆ ಅಡಿಯ ಕುಳ್ಳ ಮಾನವರಿದ್ದರು, ಫಿಲಿಪ್ಪೀನ್ಸ್‌ನ ಲುಜೋನ್‌ನಲ್ಲಿ ಇನ್ನೊಂದು ಬಗೆಯವರಿದ್ದರು.

ಇವರು ಬೆರೆತರು ಕೂಡ. 2010ರಲ್ಲಿ ನಿಯಾಂಡರ್ತಾಲ್ ಜೀನೋಮ್ (ಪೂರ್ತಿ ಡಿಎನ್‌ಎ) ಓದಿದ ಸ್ವಾಂಟೆ ಪಾಬೊ ಅವರಿಗೆ 2022ರ ನೊಬೆಲ್ ಬಂತು. ಆಫ್ರಿಕಾದ ಹೊರಗಿನ ಜನರ ಡಿಎನ್‌ಎಯಲ್ಲಿ ಶೇಕಡ 1ರಿಂದ 2ರಷ್ಟು ನಿಯಾಂಡರ್ತಾಲರದ್ದು. ಡೆನಿಸೋವಾ ಗುಹೆಯ ಒಂದು ಮೂಳೆ ಚೂರು ಹದಿಹರೆಯದ ಹುಡುಗಿಯದ್ದು. ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೋವ.

ಅವರು ಶಾಂತಿಪ್ರಿಯರೋ, ಕ್ರೂರಿಗಳೋ?

ಎರಡೂ ಕಡೆ ಭಕ್ತರಿದ್ದಾರೆ. ಸುಡಾನಿನ ಜೆಬೆಲ್ ಸಹಾಬಾದಲ್ಲಿ 13 ಸಾವಿರ ವರ್ಷ ಹಿಂದೆ ಹೂಳಿದ 61 ಮಂದಿಯಲ್ಲಿ ಬಹಳಷ್ಟು ಜನರ ಮೂಳೆಗಳಲ್ಲಿ ಗಾಯದ ಗುರುತುಗಳಿವೆ, ಕೆಲವು ಮಾಗಿದ ಮೇಲೆ ಮತ್ತೆ ಆದ ಗಾಯಗಳು. ಒಂದೇ ಯುದ್ಧವಲ್ಲ, ಮರುಕಳಿಸಿದ ದಾಳಿ. ಕೀನ್ಯಾದ ನಾಟರುಕ್‌ನಲ್ಲಿ 10 ಸಾವಿರ ವರ್ಷ ಹಿಂದೆ ಒಂದು ಗುಂಪನ್ನೇ ಕೊಂದಂತಿದೆ. ಇನ್ನೊಂದೆಡೆ, ಇವುಗಳಿಗಿಂತ ಹಳೆಯ ಕಾಲದಲ್ಲಿ ಸಾಮೂಹಿಕ ಕೊಲೆಯ ಗುರುತು ವಿರಳ. ಜನ ಕಡಿಮೆ ಇದ್ದರೆಂದೋ, ಅಸ್ಥಿ ಕಡಿಮೆ ಸಿಕ್ಕಿವೆಯೆಂದೋ, ಇದರ ಮೇಲೆ ಜಗಳ ಮುಗಿದಿಲ್ಲ.

ಈಗಲೂ ಬೇಟೆಯಾಡಿ ಬದುಕುವ ಜನ ಇದ್ದಾರಲ್ಲ, ಅವರನ್ನ ನೋಡಿದ್ರೆ ಶಿಲಾಯುಗ ಗೊತ್ತಾಗಲ್ವಾ?

ಸ್ವಲ್ಪ ಗೊತ್ತಾಗುತ್ತದೆ. ಗೆಡ್ಡೆ ಅಗೆಯಲು ಎಷ್ಟು ಹೊತ್ತು ಬೇಕು, ಒಂದು ಬಿಡಾರ ಎಷ್ಟು ಕಸ ಬಿಡುತ್ತದೆ, ಇಂಥವನ್ನು ಆಫ್ರಿಕಾದ ಹಾಡ್ಜಾ, ಸಾನ್ ಜನರಿಂದ ಕಲಿತಿದ್ದೇವೆ. ಆದರೆ ಅವರು ನಮ್ಮಷ್ಟೇ ಇಂದಿನವರು. ನೆರೆಯ ರೈತರೊಂದಿಗೆ ವ್ಯಾಪಾರ ಮಾಡಿದ್ದಾರೆ, ಲೋಹ ಬಳಸುತ್ತಾರೆ, ಫಲವತ್ತಾದ ನೆಲದಿಂದ ಅವರನ್ನು ಹೊರದಬ್ಬಲಾಗಿದೆ. ಅವರನ್ನು ‘ಶಿಲಾಯುಗದ ಜನ’ ಎಂದು ಕರೆಯುವುದು ತಪ್ಪು ಮಾಹಿತಿ ಮಾತ್ರವಲ್ಲ, ಅವಮಾನ ಕೂಡ.

ಇದೆಲ್ಲ ಊಹೆ ತಾನೇ? ಯಾರು ನೋಡಿದ್ದಾರೆ?

ಅಳೆಯುವ ದಾರಿಗಳಿವೆ. ಜೀವಿಗಳ ಮೈಯಲ್ಲಿರುವ ಕಾರ್ಬನ್-14, ಸತ್ತ ಮೇಲೆ 5,730 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ (ಇದೇ ಅದರ ಅರ್ಧಾಯುಷ್ಯ). ಅದರಿಂದ ಸುಮಾರು 50 ಸಾವಿರ ವರ್ಷದವರೆಗೆ ಕಾಲ ಹೇಳಬಹುದು. ಅದಕ್ಕಿಂತ ಹಳೆಯದಕ್ಕೆ ಯುರೇನಿಯಂ, ಆರ್ಗಾನ್, ಮರಳಿನ ಕಣಗಳು ಕೊನೆಯ ಬಾರಿ ಬೆಳಕು ಕಂಡ ಕಾಲ ಹೇಳುವ ವಿಧಾನಗಳಿವೆ. ಹಲ್ಲಿನ ಪಾಚಿಯಲ್ಲಿ ಊಟದ ಗುರುತು ಸಿಗುತ್ತದೆ. ಈಗ ಮೂಳೆಯೇ ಇಲ್ಲದಿದ್ದರೂ ಗುಹೆಯ ಮಣ್ಣಿನಿಂದಲೇ ಮನುಷ್ಯರ ಡಿಎನ್‌ಎ ತೆಗೆಯುತ್ತಾರೆ.

ಮೋಸವೂ ಆಗಿದೆ. 1912ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಪಿಲ್ಟ್‌ಡೌನ್ ಮಾನವ ಎಂದರೆ ಮನುಷ್ಯನ ತಲೆಬುರುಡೆಗೆ ಒರಾಂಗುಟಾನ್ ದವಡೆ ಸೇರಿಸಿ, ಬಣ್ಣ ಬಳಿದು ಮಾಡಿದ ಕೆಲಸ. 1953ರಲ್ಲಿ ಅದನ್ನು ಬಯಲಿಗೆಳೆದದ್ದೂ ಇಂಥ ಪರೀಕ್ಷೆಗಳೇ.

ನಿಯಾಂಡರ್ತಾಲರು ದಡ್ಡರಾಗಿದ್ದಕ್ಕೇ ತಾನೇ ನಾಶವಾದದ್ದು?

ಅವರ ಮೆದುಳು ನಮ್ಮದರಷ್ಟೇ ದೊಡ್ಡದು, ಕೆಲವರದ್ದು ಇನ್ನೂ ದೊಡ್ಡದು. ಫ್ರಾನ್ಸಿನ ಬ್ರೂನಿಕೆಲ್ ಗುಹೆಯಲ್ಲಿ ಬಾಗಿಲಿನಿಂದ ಮುನ್ನೂರು ಮೀಟರ್ ಒಳಗೆ, ಕಗ್ಗತ್ತಲಲ್ಲಿ, ಸುಣ್ಣದ ಕಲ್ಲಿನ ಕಂಬಗಳನ್ನು ಮುರಿದು ಉಂಗುರದಂತೆ ಜೋಡಿಸಿದ್ದಾರೆ. 1 ಲಕ್ಷ 76 ಸಾವಿರ ವರ್ಷ ಹಿಂದೆ ಯುರೋಪಿನಲ್ಲಿ ಅದನ್ನು ಮಾಡಬಲ್ಲವರು ಅವರೇ. ಯಾಕೆ ಮಾಡಿದರೋ ತಿಳಿಯದು.

ಸುಮಾರು 40 ಸಾವಿರ ವರ್ಷ ಹಿಂದೆ ಅವರು ಕಾಣೆಯಾದರು. ಅವರ ಸಂಖ್ಯೆ ಮೊದಲಿನಿಂದಲೂ ಕಡಿಮೆ, ಗುಂಪುಗಳು ಚದುರಿದ್ದವು. ಸೈಬೀರಿಯಾದ ಅಲ್ತಾಯ್‌ನ ಒಬ್ಬ ನಿಯಾಂಡರ್ತಾಲ್ ಹೆಂಗಸಿನ ತಂದೆತಾಯಿ ಮಲತಂಗಿ ಮಲಅಣ್ಣನಷ್ಟು ಹತ್ತಿರದ ಸಂಬಂಧಿಗಳಾಗಿದ್ದರು. ಹವೆ ಪದೇ ಪದೇ ಬದಲಾಗುತ್ತಿತ್ತು, ಮೇಲೆ ಹೊಸಬರು ಬಂದರು. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬುದರಲ್ಲಿ ಸಂಶೋಧಕರಿಗೆ ಒಪ್ಪಂದವಿಲ್ಲ. ಬುದ್ಧಿಯ ಲೆಕ್ಕ ಹಾಕುವವರು ಇದನ್ನೂ ನೋಡಬೇಕು: ರೊಮೇನಿಯಾದ ಒಆಸೆ ಗುಹೆಯಲ್ಲಿ ಅದೇ ಕಾಲದ ಸೇಪಿಯನ್ಸ್ ಒಬ್ಬನ ದವಡೆ ಸಿಕ್ಕಿತು. ಅವನಿಗೆ ನಾಲ್ಕರಿಂದ ಆರು ತಲೆಮಾರು ಹಿಂದೆ ನಿಯಾಂಡರ್ತಾಲ್ ಪೂರ್ವಜರೊಬ್ಬರಿದ್ದರು. ಆ ಸೇಪಿಯನ್ಸ್ ಗುಂಪಿನ ಡಿಎನ್‌ಎ ಕೂಡ ಇಂದಿನ ಯುರೋಪಿನವರಲ್ಲಿ ಹೆಚ್ಚುಕಡಿಮೆ ಉಳಿದಿಲ್ಲ.